ನೀವು ಯಾರ ಪೇಷೆಂಟ್?

ನನ್ನ ನಾಲಿಗೆಯ ಬಲಗಡೆ ಅರ್ಧ ಭಾಗ ಈಗ ನಾಲಿಗೆಯೇ ಅಲ್ಲ. ಎಡಗೈಯ ಮಣಿಕಟ್ಟಿನ ಮೇಲಿಂದ ಒಂದು ತುಂಡು ಚರ್ಮ ತೆಗೆದು ಬಾಯಿಯೊಳಗೆ ಹೊಲಿದಿದ್ದಾರೆ. ಕೈಯಲ್ಲಿದ್ದ ಕೂದಲು ಸುರುವಿಗೆ ಬಾಯಿಯೊಳಗೂ ಬೆಳೆಯಿತು. ನಗಾಡುವುದಾದರೆ ನಗಾಡಿ, ನನಗೆ ಬೇಜಾರಿಲ್ಲ. ರೇಡಿಯೇಷನ್ ಕೊಟ್ಟ ಮೇಲೆ ಅದೂ ಉದುರಿ ಹೋಯಿತು.

ಹೆಸರು ಸದಾನಂದ. ಮನೆ ಉಳ್ಳಾಲದ ಹತ್ತಿರ ತೊಕ್ಕೊಟ್ಟು. ಇಪ್ಪತ್ತಾರು ವರ್ಷ ಮಂಗಳೂರಿನ ಸಿಟಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದೆ. ಹಂಪನಕಟ್ಟೆಯಲ್ಲಿ ಫುಟ್‌ಬೋರ್ಡಿನ ಮೇಲೆ ನಿಂತು "ಕಂಕನಾಡಿ, ಪಂಪ್‌ವೆಲ್, ಕಲ್ಲಾಪು, ತೊಕ್ಕೊಟ್ಟು, ಉಳ್ಳಾಲ" ಅಂತ ಒಂದೇ ಉಸಿರಿಗೆ ಕೂಗಿದರೆ ಬೇರೆ ಬಸ್ಸಿನಲ್ಲಿ ಕೂತವರೂ ಇಳಿದು ಬಂದು ನಮ್ಮ ಬಸ್ಸು ಹತ್ತಬೇಕು. ಒಳಗೆ "ದುಂಬು ಪೋಲೆ, ದುಂಬು ಪೋಲೆ" ಅಂತ ತುಳುವಿನಲ್ಲಿ ಜನರನ್ನು ಮುಂದೆ ಮುಂದೆ ಕಳಿಸಿ, ಇನ್ನು ಒಂದು ಇರುವೆಗೂ ಜಾಗ ಇಲ್ಲ ಅನ್ನುವಲ್ಲಿ ಮತ್ತೆ ನಾಲ್ಕು ಜನರನ್ನು ಹತ್ತಿಸುವವ ನಾನು. ಕಂಡಕ್ಟರನಿಗೆ ಎರಡು ಕಾಲು, ಒಂದು ನಾಲಿಗೆ ಗಟ್ಟಿ ಇದ್ದರೆ ಸಾಕು. ಬಾಯಲ್ಲಿ ಯಾವಾಗಲೂ ಹೊಗೆಸೊಪ್ಪು ಹಾಕಿದ ಬೀಡಾ ಇರ್ತಿತ್ತು, ಅದನ್ನು ಮುಚ್ಚಿಡುವುದಿಲ್ಲ. ಕಾಯಿಲೆ ಎಲ್ಲಿಂದ ಬಂತು ಅಂತ ಯಾರೂ ನನಗೆ ಹೇಳಿಕೊಡಬೇಕಾಗಿಲ್ಲ. ಆದರೆ ಬಂದದ್ದು ಯಾಕೆ ಅಷ್ಟು ತಡವಾಗಿ ಗೊತ್ತಾಯ್ತು, ಅದನ್ನು ಹೇಳಬೇಕು.

ನಿಮಗೆ ಧೈರ್ಯ ಹೇಳಲಿಕ್ಕೆ ಇದನ್ನು ಬರೀತಿಲ್ಲ. ನನ್ನ ಹತ್ತಿರವೇ ಇಲ್ಲದ್ದನ್ನು ನಿಮಗೆ ಎಲ್ಲಿಂದ ಕೊಡಲಿ? ರೇಡಿಯೇಷನ್ ರೂಮಿನ ಹೊರಗೆ ಬೆಂಚಿನಲ್ಲಿ ನನ್ನ ಪಕ್ಕ ಕೂತಿದ್ದ ಒಬ್ಬರು "ಹೀಗೆ ಆದದ್ದು ನನಗೆ ಒಬ್ಬನಿಗೇ ಅಂತ ಕಾಣ್ತದೆ" ಅಂತ ಅತ್ತಿದ್ದರು. ಆಗ ನನ್ನ ನಾಲಿಗೆ ಹೊರಳ್ತಿರಲಿಲ್ಲ. ಅವರಿಗೆ ಹೇಳಬೇಕಾಗಿದ್ದದ್ದನ್ನು ಈಗ ಬರೀತಿದ್ದೇನೆ.

ಸುರುವಾದದ್ದು ಹಲ್ಲಿನಿಂದ. ಬಲಗಡೆಯ ಎರಡು ದವಡೆ ಹಲ್ಲು ಮೊದಲೇ ಹೋಗಿತ್ತು, ಪಕ್ಕದ ಇನ್ನೊಂದು ಅರ್ಧ ಮುರಿದು ಚೂಪಾಗಿತ್ತು. ಅದು ತಾಗಿ ತಾಗಿ ನಾಲಿಗೆಯ ಅಂಚಿನಲ್ಲಿ ಒಂದು ಹುಣ್ಣು. ಮೊದಲೆಲ್ಲ ಆದರೆ ತೊಕ್ಕೊಟ್ಟಿನಲ್ಲಿ ಒಬ್ಬರು ಡಾಕ್ಟ್ರು ಇದ್ದರು. ಜ್ವರಕ್ಕೆ ಹೋದರೂ ಬಾಯಿ ತೆಗಿ, ಅಂಗಿ ಎತ್ತು, ಕಾಲು ತೋರಿಸು ಅಂತ ಇಡೀ ಮನುಷ್ಯನನ್ನು ನೋಡಿ, ಎರಡು ಬೈದು ಕಳಿಸ್ತಿದ್ದರು. ಅವರು ತೀರಿಕೊಂಡ ಮೇಲೆ ಆ ರೂಮಿನಲ್ಲಿ ಮೊಬೈಲ್ ಅಂಗಡಿ ಬಂತು. ಮಂಗಳೂರಿನಲ್ಲಿ ಡಾಕ್ಟ್ರುಗಳಿಗೆ ಎಂತ ಬರಗಾಲ ಅಂತ ನೀವು ಕೇಳಬಹುದು. ಬೆಳಿಗ್ಗೆ ಬಿಳಿ ಕೋಟು ಮಡಚಿ ಕೈಯಲ್ಲಿ ಹಿಡಿದ ಮಕ್ಕಳೇ ನಮ್ಮ ಬಸ್ಸಿನಲ್ಲಿ ಅರ್ಧ ತುಂಬಿರ್ತಿದ್ದರು. ಮೊಣಕಾಲಿಗೆ ಒಬ್ಬರು, ಕಿವಿಗೆ ಒಬ್ಬರು, ಕಿಡ್ನಿಗೆ ಒಬ್ಬರು ಎಲ್ಲ ಉಂಟು ಇಲ್ಲಿ. ಸುಮ್ಮನೆ ಹೋಗಿ "ಡಾಕ್ಟ್ರೇ, ಎಂತದೋ ಸರಿ ಇಲ್ಲ" ಅಂತ ಹೇಳುವಾ ಅಂದರೆ ಯಾರ ಹತ್ತಿರ ಹೋಗುವುದು ಅಂತಲೇ ಗೊತ್ತಾಗುವುದಿಲ್ಲ.

ಹಲ್ಲಲ್ವಾ, ಡೆಂಟಲ್ ಕಾಲೇಜಿಗೆ ಹೋದೆ. ಅಲ್ಲಿ ಒಂದು ಕ್ರಮ ಉಂಟು. ಮೊದಲ ದಿನ ನಿಮ್ಮನ್ನು ಒಬ್ಬ ಸ್ಟೂಡೆಂಟ್ ಡಾಕ್ಟ್ರಿಗೆ ಹಾಕ್ತಾರೆ. ಅಲ್ಲಿಂದ ಮೇಲೆ ನೀವು ಅವರ ಪೇಷೆಂಟ್. ಎಷ್ಟು ಹೋದರೂ ಕೌಂಟರಿನಲ್ಲಿ ಕೇಳುವ ಮೊದಲ ಮಾತು "ನೀವು ಯಾರ ಪೇಷೆಂಟ್?" ಅಂತ. ಪ್ರತಿ ಸ್ಟೂಡೆಂಟಿಗೂ ಇಂತಿಷ್ಟು ಫಿಲ್ಲಿಂಗು, ಇಂತಿಷ್ಟು ಹಲ್ಲಿನ ಸೆಟ್ಟು ಮಾಡಬೇಕು ಅಂತ ಕೋಟಾ ಉಂಟು. ಪೇಷೆಂಟ್ ಕೈತಪ್ಪಿದರೆ ಕೋಟಾ ಮುಗಿಯುವುದಿಲ್ಲ, ವರ್ಷವೇ ಹೋಗ್ತದೆ.

ನನಗೆ ಸಿಕ್ಕಿದವಳು ಅನುಷಾ ಅಂತ ಒಂದು ಹುಡುಗಿ, ಕೊನೆ ವರ್ಷ. ಸಣ್ಣ ದೇಹ, ಮಾಸ್ಕಿನ ಮೇಲೆ ಎರಡು ಕಣ್ಣು ಮಾತ್ರ ಕಾಣ್ತದೆ. ಚೂಪು ಹಲ್ಲನ್ನು ಉಜ್ಜಿ ನಯ ಮಾಡಿದಳು. ಹುಣ್ಣನ್ನೂ ನೋಡಿದಳು. "ಹಲ್ಲು ತಾಗಿ ಆದದ್ದು ಅಂಕಲ್, ಎರಡು ವಾರದಲ್ಲಿ ಒಣಗಬೇಕು. ಒಣಗದಿದ್ರೆ ಖಂಡಿತ ಬರಬೇಕು, ಮೇಡಮ್ಮನಿಗೆ ತೋರಿಸ್ತೇನೆ" ಅಂದಳು. ಖಾಲಿ ಜಾಗಕ್ಕೆ ಸೆಟ್ ಮಾಡಲಿಕ್ಕೆ ಅಳತೆಯನ್ನೂ ತೆಗೆದಳು. ಹೊರಡುವಾಗ ಮೆಲ್ಲ ಹತ್ತಿರ ಬಂದು, "ಅಂಕಲ್, ಪ್ಲೀಸ್, ಬೇರೆ ಯಾರ ಹತ್ತಿರವೂ ಮಾಡಿಸಬೇಡಿ. ನನಗೆ ಇದೊಂದು ಸೆಟ್ ಬಾಕಿ ಉಂಟು" ಅಂದಳು.

"ಎಂತ ಮಾರಾಯ್ತಿ, ನಾನು ಮಾತು ಕೊಟ್ಟರೆ ಮುಗೀತು" ಅಂದೆ. ನನಗೂ ದಿನದ ಕಲೆಕ್ಷನ್ ಅಂತ ಒಂದು ಇರ್ತದಲ್ಲ, ಅವಳ ಕಷ್ಟ ನನಗೆ ಗೊತ್ತಾಯ್ತು. ಕಿಟಕಿಯಿಂದ ಟವೆಲ್ ಹಾಕಿ ಹಿಡಿದ ಸೀಟಿನಲ್ಲಿ ಬೇರೆಯವರನ್ನು ಕೂರಿಸುವ ಕಂಡಕ್ಟರ್ ನಾನಲ್ಲ.

ಎರಡು ವಾರ ಬಿಟ್ಟು ಹೋದೆ. ಹುಣ್ಣು ಒಣಗಿರಲಿಲ್ಲ. ಕೌಂಟರಿನಲ್ಲಿ ಕೇಳಿದರು, ಅನುಷಾ ಡಾಕ್ಟ್ರ ಪೇಷೆಂಟ್ ಅಂದೆ. ಅವರು ಹಳ್ಳಿ ಕಡೆ ಕ್ಯಾಂಪಿನ ಪೋಸ್ಟಿಂಗಿನಲ್ಲಿ ಇದ್ದಾರೆ, ಬೇರೆಯವರಿಗೆ ತೋರಿಸ್ತೀರಾ ಅಂತ ಕೇಳಿದರು. ಕೇಳಲಿಲ್ಲ ಅಂತ ಹೇಳಿದರೆ ನನ್ನ ಉಳಿದ ಅರ್ಧ ನಾಲಿಗೆಯೂ ಬಿದ್ದು ಹೋಗಲಿ. ಕೇಳಿದರು. ನಾನೇ "ಬೇಡ, ಅವರು ಬರ್ಲಿ" ಅಂದೆ. ಮತ್ತೊಂದು ತಿಂಗಳು ಬಿಟ್ಟು ಹೋದಾಗ ಅವಳಿಗೆ ಪರೀಕ್ಷೆಯ ರಜೆ. ಆಗಲೂ ಬೇಡ ಅಂದೆ. ಎದುರಿನ ಕುರ್ಚಿಗಳಲ್ಲಿ ಬಿಳಿ ಕೋಟು ಹಾಕಿದ ಹತ್ತು ಮಕ್ಕಳು ಪೇಷೆಂಟ್ ಇಲ್ಲದೆ ಕೂತಿದ್ದರು. ಅವರಲ್ಲಿ ಒಬ್ಬರ ಹತ್ತಿರ ಬಾಯಿ ತೆರೆದಿದ್ದರೆ ಆಗ್ತಿತ್ತು. ಹಲ್ಲು ಅವಳ ಕೋಟಾ, ಸರಿ. ಹುಣ್ಣು ಯಾರ ಕೋಟಾವೂ ಆಗಿರಲಿಲ್ಲ. ಎರಡೂ ಒಂದೇ ಅಂತ ತಿಳಿದುಕೊಂಡ ಬೋದಾಳ ನಾನು. ಬಸ್ಸಿಗೆ ಬಂದು ಡ್ರೈವರ್ ಹಮೀದ್‌ನ ಹತ್ತಿರ ದೊಡ್ಡ ಜನದ ಹಾಗೆ ಹೇಳಿದೆ, "ನೋಡು, ನನ್ನಿಂದಾಗಿ ಒಂದು ಹುಡುಗಿ ಪಾಸಾಗ್ತದೆ" ಅಂತ. ಈಗ ಆ ಮಾತು ನೆನಪಾದರೆ ಮೈಯೆಲ್ಲ ಉರೀತದೆ.

ನಾಲ್ಕು ತಿಂಗಳು ಹೋಯಿತು ಹಾಗೆ. ಮೆಣಸು ತಾಗಿದರೆ ಪ್ರಾಣ ಹೋದ ಹಾಗೆ ಆಗ್ತಿತ್ತು. ಹೆಂಡತಿ ವಾರಿಜ ಬಂಗುಡೆ ಮೀನಿನ ಗಸಿಗೆ ಖಾರ ಕಡಿಮೆ ಹಾಕಲಿಕ್ಕೆ ಸುರು ಮಾಡಿದಳು, ನಾನು ಅದಕ್ಕೂ ಬೈದೆ.

ಬಿಪಿ ಮಾತ್ರೆ ಮುಗಿದಿತ್ತು ಅಂತ ಒಂದು ದಿನ ನಮ್ಮ ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋದೆ. ಅಲ್ಲಿ ಇದ್ದ ಡಾಕ್ಟ್ರಿಗೆ ಎರಡು ಕೇಂದ್ರದ ಚಾರ್ಜ್, ವಾರದಲ್ಲಿ ಮೂರು ದಿನ ಇಲ್ಲಿ, ಮೂರು ದಿನ ಅಲ್ಲಿ. ಅವತ್ತು ಅವರು ಇರಲಿಲ್ಲ. ಪಕ್ಕದ ರೂಮಿನಲ್ಲಿ ಲವೀನಾ ಅಂತ ಹೊಸ ಡಾಕ್ಟ್ರು. ಫ್ಯಾಮಿಲಿ ಮೆಡಿಸಿನ್ ಅಂತ ಒಂದು ಪಿಜಿ ಉಂಟಂತೆ, ಮೂರು ವರ್ಷದ್ದು. ನಮ್ಮ ಕೇಂದ್ರದಲ್ಲಿ ಕೂತು ಊರಿನ ಜನರನ್ನೇ ನೋಡಿ ಕಲಿಯುವ ಸೀಟು. ಆಗಷ್ಟೇ ಸುರುವಾದದ್ದು, ಇವರೇ ಮೊದಲಿನವರು. ಕೊಂಕಣಿ ಮಾತಾಡುವ ಮನೆಯವರು, ಆದರೆ ನಮ್ಮ ಹತ್ತಿರ ಚೆಂದ ತುಳು ಮಾತಾಡ್ತಿದ್ದರು.

ಮಾತ್ರೆ ಬರೆಯುತ್ತಾ ಇದ್ದವರು ಪೆನ್ನು ಕೆಳಗಿಟ್ಟರು. "ನೀವು ಬಸ್ಸಿನ ಸದಾನಂದಣ್ಣ ಅಲ್ವಾ? ದಿನಾ ನಿಮ್ಮ ಬಸ್ಸಲ್ಲೇ ಬರ್ತೇನೆ. ನಿಮ್ಮ ಮಾತು ಹೀಗಿರ್ಲಿಲ್ಲ. ಒಂದು ತಿಂಗಳಿಂದ ಕಲ್ಲಾಪು ಅನ್ನುವಾಗ ನಾಲಿಗೆ ಎಳೀತದೆ. ಬಾಯಿ ತೆಗೀರಿ ನೋಡುವಾ."

ಟಾರ್ಚ್ ಹಾಕಿದರು, ಗ್ಲೌಸ್ ಹಾಕಿ ಬೆರಳಿಟ್ಟು ಒತ್ತಿ ನೋಡಿದರು, ಕುತ್ತಿಗೆ ಎರಡೂ ಕಡೆ ತಡವಿದರು. ಅವರ ಮುಖದಲ್ಲಿ ಎಂತದೂ ಕಾಣಲಿಲ್ಲ, ಅದನ್ನು ನೋಡಿಯೇ ನನಗೆ ಹೆದರಿಕೆ ಸುರುವಾಯ್ತು. "ಯಾರಿಗಾದರೂ ತೋರಿಸಿದ್ದೀರಾ?" ಅಂದರು. "ಡೆಂಟಲ್‌ನಲ್ಲಿ ನಮ್ಮ ಡಾಕ್ಟ್ರು ಒಬ್ಬರು ಇದ್ದಾರೆ, ಅವರು ಪರೀಕ್ಷೆ ಮುಗಿಸಿ ಬರ್ತಾರೆ" ಅಂದೆ. ಅವರು ಫೋನ್ ತೆಗೆದು ದೊಡ್ಡ ಆಸ್ಪತ್ರೆಗೆ ತಾವೇ ಮಾತಾಡಿ ಮರುದಿನ ಬೆಳಿಗ್ಗೆಯ ಬಯಾಪ್ಸಿಗೆ ಹೆಸರು ಬರೆಸಿದರು. ಈ ಇಡೀ ಕತೆಯಲ್ಲಿ ನನಗೆ ಆದ ಒಂದು ಉಪಕಾರ ಅಂದರೆ ಅದು.

ರಿಪೋರ್ಟ್ ಬಂದ ದಿನ ವಾರಿಜ ಅಳಲಿಲ್ಲ. ನನ್ನ ಬೀಡಾದ ಡಬ್ಬಿಯನ್ನು ಒಲೆಗೆ ಹಾಕಿದಳು. "ಆ ಹುಡುಗಿಯ ಕೋಟಾ ಮುಗೀಲಿ ಅಂತ ನನ್ನ ಜೀವನ ಮುಗಿಸ್ತೀರಾ?" ಅಂತ ಕೇಳಿದಳು. ಮೊದಲೇ ಬಂದಿದ್ದರೆ ಒಂದು ಸಣ್ಣ ತುಂಡು ತೆಗೆದು ಬಿಡಬಹುದಿತ್ತು ಅಂತ ಸರ್ಜನ್ ಹೇಳಿದ್ದರು. ಈಗ ಅರ್ಧ ನಾಲಿಗೆ ಮತ್ತು ಕುತ್ತಿಗೆಯ ಗಂಟುಗಳನ್ನೆಲ್ಲ ತೆಗೀಬೇಕಂತೆ.

ಆಪರೇಷನ್ ಆದ ಮೇಲಿನ ದಿನಗಳನ್ನು ಜಾಸ್ತಿ ಬರೆಯುವುದಿಲ್ಲ. ಮೂಗಿನಲ್ಲಿ ಟ್ಯೂಬು, ಗಂಜಿಯನ್ನು ಮಿಕ್ಸಿಗೆ ಹಾಕಿ ಅದರಲ್ಲಿ ಹೊಯ್ಯುವುದು. ಬಾಯಿ ಇದ್ದೂ ಊಟ ಮೂಗಿನಲ್ಲಿ. ಕುತ್ತಿಗೆಯಲ್ಲಿ ಉಸಿರಿಗೆ ತೂತು. ಕೇಳಬೇಕಾದದ್ದನ್ನು ಸ್ಲೇಟಿನಲ್ಲಿ ಬರೀಬೇಕು, ನಾನು ಬರೆದು ಮುಗಿಸುವಷ್ಟರಲ್ಲಿ ನರ್ಸ್ ಮುಂದಿನ ಮಂಚಕ್ಕೆ ಹೋಗಿರ್ತಿದ್ದಳು. ರೌಂಡ್ಸಿಗೆ ಬರುವ ಪಿಜಿ ಡಾಕ್ಟ್ರುಗಳು ಪಾಪ, ನಿದ್ದೆ ಇಲ್ಲದೆ ಕಣ್ಣು ಕೆಂಪಾಗಿರ್ತಿತ್ತು. ಒಬ್ಬ ಗೋಡೆಗೆ ಒರಗಿ ನಿಂತಲ್ಲೇ ಎರಡು ನಿಮಿಷ ನಿದ್ದೆ ಮಾಡಿದ್ದನ್ನು ನಾನು ನೋಡಿದ್ದೇನೆ. ಹಮೀದ್ ಶಿಫ್ಟ್ ಮುಗಿಸಿ ಬಂದು ಮಂಚದ ಹತ್ತಿರ ಕೂರ್ತಿದ್ದ. ಅವತ್ತು ಯಾವ ಬಸ್ಸು ಯಾವುದನ್ನು ಓವರ್‌ಟೇಕ್ ಮಾಡಿತು ಅಂತ ಹೇಳಿ ಹೋಗ್ತಿದ್ದ. ಅಷ್ಟು ಸಾಕಾಗ್ತಿತ್ತು.

ಒಂದು ದಿನ ಅನುಷಾ ಬಂದಳು. ವಾರ್ಡಿನ ಬಾಗಿಲಲ್ಲೇ ನಿಂತಳು. ಕೈಯಲ್ಲಿ ಒಂದು ಸಣ್ಣ ಪೆಟ್ಟಿಗೆ. ನನ್ನ ಸೆಟ್ಟನ್ನು ಮಾಡಿ ಮುಗಿಸಿದ್ದಳು ಮಾರಾಯ್ರೆ. ಗುಲಾಬಿ ಒಸಡು, ಬಿಳಿ ಬಿಳಿ ಎರಡು ಹಲ್ಲು, ಎಷ್ಟು ಚೆಂದ ಇತ್ತು ಅಂತೀರಿ. ಸೆಟ್ ಆಯ್ತು ಅಂತ ಅವಳು ಫೋನ್ ಮಾಡಿದಾಗ ವಾರಿಜ ವಿಷಯ ಹೇಳಿ ಬೈದು ಇಟ್ಟಿದ್ದಳಂತೆ. ಆದರೂ ಬಂದಿದ್ದಾಳೆ. ನನ್ನ ಬಾಯಿ, ದವಡೆ ಎಲ್ಲ ಬದಲಾಗಿ ಹೋಗಿತ್ತು, ಆ ಸೆಟ್ ಇನ್ನು ಜನ್ಮದಲ್ಲಿ ಕೂರುವಂಥದ್ದಲ್ಲ. ಅವಳಿಗೂ ಅದು ಗೊತ್ತಿತ್ತು.

"ಎರಡು ವಾರದ ನಂತರ ಬನ್ನಿ ಅಂದಿದ್ದೆ ಅಂಕಲ್. ನೀವು ಬಂದ್ರಿ ಅಂತಲೇ ನನಗೆ ಗೊತ್ತಿಲ್ಲ. ಬೇರೆಯವರ ಹತ್ತಿರ ಹೋಗಬೇಡಿ ಅಂತ ಹೇಳಿದ್ದು ಸೆಟ್ಟಿಗೆ ಮಾತ್ರ..." ಅಂತ ಹೇಳ್ತಾ ಹೇಳ್ತಾ ಅತ್ತಳು. ನಾನು ಸ್ಲೇಟ್ ತೆಗೆದು ಬರೆದೆ, "ನಿನ್ನ ತಪ್ಪಲ್ಲ." ಬರೆದು ತೋರಿಸಿದೆ. ಪೂರ್ತಿ ನಿಜವಾಗಿ ಬರೆದೆನಾ ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಅವಳು ಪಾಸಾದಳು. ಹಲ್ಲಿನ ಡಾಕ್ಟ್ರಿಗೆ ಕೆಲಸ ಎಲ್ಲಿದೆ? ಈಗ ಕೊಡಿಯಾಲ್‌ಬೈಲಿನಲ್ಲಿ ಒಂದು ಆಫೀಸಿನಲ್ಲಿ ಕಂಪ್ಯೂಟರ್ ಎದುರು ಕೂತು ಪರದೇಶದ ಆಸ್ಪತ್ರೆಗಳ ಬಿಲ್ಲಿಗೆ ನಂಬರ್ ಹಾಕುವ ಕೆಲಸ ಮಾಡ್ತಾಳಂತೆ.

ಮನೆಗೆ ಬಂದ ಮೇಲೆ ನನ್ನನ್ನು ನೋಡಿಕೊಂಡವರು ಲವೀನಾ ಡಾಕ್ಟ್ರು. ದೊಡ್ಡ ಆಸ್ಪತ್ರೆಗೂ ಹೋಗ್ತಿದ್ದೆ, ಅಲ್ಲಿ ಪ್ರತಿ ಸಲ ಹೊಸ ಮುಖ, ಮೊದಲಿಂದ ಎಲ್ಲ ಹೇಳಬೇಕು. ನನ್ನ ಈಗಿನ ಮಾತು ಹೊಸಬರಿಗೆ ಅರ್ಥ ಆಗುವುದಿಲ್ಲ. ಆರೋಗ್ಯ ಕೇಂದ್ರದಲ್ಲಿ ಹಾಗಲ್ಲ. ತಿಂಗಳಿಗೊಂದು ಸಲ ಕೂರಿಸಿ, ಹಿಂದೆ ನಿಂತು, ಎರಡೂ ಕೈಯಿಂದ ಕುತ್ತಿಗೆಯನ್ನು ಇಂಚು ಇಂಚಾಗಿ ತಡವುತ್ತಿದ್ದರು. "ಇನ್ನು ಬಂದರೆ ಇಲ್ಲೇ ಬರುವುದು ಸದಾನಂದಣ್ಣ. ಸಣ್ಣದಿರುವಾಗ ಸಿಕ್ಕಿದರೆ ತೆಗೀಬಹುದು. ಅದಕ್ಕೇ ತಪ್ಪಿಸಬೇಡಿ" ಅಂತ ಪ್ರತಿ ಸಲ ಹೇಳ್ತಿದ್ದರು. ನನ್ನ ಜೀವ ಆ ಹತ್ತು ಬೆರಳಿನಲ್ಲಿ ಇದೆ ಅಂತ ನನಗೆ ಗೊತ್ತಿತ್ತು. ಅವರು ಕೈ ತೆಗೆದು "ಎಂತ ಇಲ್ಲ, ಹೋಗಿ" ಅಂದರೆ ಇನ್ನೊಂದು ತಿಂಗಳು ಬದುಕಲಿಕ್ಕೆ ಟಿಕೆಟ್ ಸಿಕ್ಕಿದ ಹಾಗೆ. ನಾನು ಮನೆಗೆ ಹೋಗುವ ದಾರಿಯಲ್ಲಿ ವಾರಿಜನಿಗೆ ಹೂ ತಗೊಂಡು ಹೋಗ್ತಿದ್ದೆ.

ಅವರೇ ಹೇಳಿದ್ದರು, ಇನ್ನೊಂದು ಪಿಜಿ ಸೀಟು ಬರ್ತದೆ, ಡೆಂಟಲ್ ಚೇರ್ ಬರ್ತದೆ, ಕಾಲೇಜಿನಿಂದ ಇಬ್ಬರು ಹಲ್ಲಿನ ಡಾಕ್ಟ್ರುಗಳು ಒಂದು ವರ್ಷ ಇಲ್ಲೇ ಕೂತು ತರಬೇತಿ ಮಾಡ್ತಾರೆ ಅಂತ. ಚೇರ್ ಬಂತು. ಟೆಂಪೋದಿಂದ ಇಳಿಸಲಿಕ್ಕೆ ನಾನೂ ಒಂದು ಕೈ ಕೊಟ್ಟೆ.

ಮೂರು ವರ್ಷ ಮುಗಿದ ದಿನ ಲವೀನಾ ಡಾಕ್ಟ್ರ ಕೋರ್ಸೂ ಮುಗಿಯಿತು. "ನನಗೆ ಇಲ್ಲೇ ಇರಬೇಕು ಅಂತ ಇತ್ತು. ಕೇಳಿದೆ. ಕಲೀಲಿಕ್ಕೆ ಸೀಟು ಉಂಟು, ಕೆಲಸಕ್ಕೆ ಪೋಸ್ಟ್ ಇಲ್ಲ ಅಂತಾರೆ" ಅಂದರು. ಮಸ್ಕತ್ತಿನಲ್ಲಿ ಕೆಲಸ ಸಿಕ್ಕಿತ್ತು. ಹೋಗುವ ಮೊದಲು ವಾರಿಜನನ್ನು ಕರೆಸಿ ಅವಳ ಬೆರಳನ್ನು ಹಿಡಿದು ನನ್ನ ಕುತ್ತಿಗೆಯ ಮೇಲೆ ಇಟ್ಟು ಕಲಿಸಿದರು. ಇದು ಎಲುಬು, ಇದು ನರ, ಇದು ಹೊಲಿಗೆಯ ಗಟ್ಟಿ, ಇಲ್ಲಿ ಕಡಲೆಯಷ್ಟು ಸಿಕ್ಕಿದರೂ ಓಡಿ ಬನ್ನಿ ಅಂತ. ಹೊಸ ಪಿಜಿ ಬರ್ತಾರೆ, ಫೈಲಿನಲ್ಲಿ ಎಲ್ಲ ಬರೆದಿದ್ದೇನೆ ಅಂದರು.

ಹೊಸ ಪಿಜಿ ಬರಲಿಲ್ಲ. ಕೌನ್ಸೆಲಿಂಗಿನಲ್ಲಿ ಆ ಸೀಟನ್ನು ಯಾರೂ ತಗೊಳ್ಳಲಿಲ್ಲ ಅಂತ ಕೇಂದ್ರದ ಸಿಸ್ಟರ್ ಹೇಳಿದರು. "ರೇಡಿಯಾಲಜಿ, ಸ್ಕಿನ್ ಎಲ್ಲ ಬಿಟ್ಟು ಇಲ್ಲಿಗೆ ಯಾರು ಬರ್ತಾರೆ ಅಣ್ಣ? ಮುಂದಿನ ಸಲ ನೋಡುವಾ." ಎರಡು ಕೇಂದ್ರದ ಚಾರ್ಜಿನ ಡಾಕ್ಟ್ರಿಗೆ ಮಾತ್ರೆ ಬರೆದು ಕ್ಯೂ ಮುಗಿಸಲಿಕ್ಕೇ ಪುರುಸೊತ್ತಿರಲಿಲ್ಲ. ಡೆಂಟಲ್ ಚೇರಿನ ಪ್ಲಾಸ್ಟಿಕ್ ಕವರ್ ಕೂಡ ತೆಗೆದಿರಲಿಲ್ಲ. ಅದರ ಮೇಲೆ ಲಸಿಕೆಯ ಖಾಲಿ ಪೆಟ್ಟಿಗೆಗಳನ್ನು ಇಟ್ಟಿದ್ದರು.

ವಾರಿಜ ಪ್ರತಿ ಭಾನುವಾರ ಒತ್ತಿ ನೋಡ್ತಿದ್ದಳು. ಪ್ರತಿ ಸಲ ಅವಳಿಗೆ ಎಂತಾದರೂ ಸಿಕ್ಕುತ್ತಿತ್ತು. ಎರಡು ಸಲ ಅದನ್ನು ನಂಬಿ ದೊಡ್ಡ ಆಸ್ಪತ್ರೆಗೆ ಹೋಗಿ ಇಡೀ ದಿನ ಕ್ಯೂ ನಿಂತದ್ದಾಯ್ತು. ಹೊಲಿಗೆಯ ಗಟ್ಟಿ ಅಂತ ಹೇಳಿ ಕಳಿಸಿದರು. ಮೂರನೇ ಸಲ ಅವಳು "ರೀ, ಇಲ್ಲಿ ನೋಡಿ" ಅಂದಾಗ ನನಗೆ ಪಿತ್ತ ನೆತ್ತಿಗೇರಿತು. "ಸಾಕು ಮಾಡು ಮಾರಾಯ್ತಿ! ನೀನೆಂತ ಡಾಕ್ಟ್ರಾ?" ಅಂತ ಕೈ ತಳ್ಳಿದೆ. ಅವಳು ಎದ್ದು ಹೋದಳು. ಆಮೇಲೆ ಮುಟ್ಟಲಿಲ್ಲ. ದೊಡ್ಡ ಆಸ್ಪತ್ರೆಯ ತಾರೀಕನ್ನೂ ನಾನು ಒಂದು ಸಲ ಬಿಟ್ಟೆ, ಹೋಗಿ ಪೊಕ್ಕಡೆ ಸುಮ್ಮನೆ ಕೂತು ಬರುವುದು ಯಾಕೆ ಅಂತ. ಹೀಗೆ ಯಾರೂ ನನ್ನ ಕುತ್ತಿಗೆ ಮುಟ್ಟದೆ ನಾಲ್ಕು ತಿಂಗಳು ಹೋಯಿತು.

ಕೊನೆಗೆ ಶೇವ್ ಮಾಡುವಾಗ ನನ್ನ ಕೈಗೇ ಸಿಕ್ಕಿತು. ವಾರಿಜ ತೋರಿಸಿದ ಜಾಗದಲ್ಲೇ. ಕಡಲೆಯಷ್ಟಲ್ಲ, ನೆಲ್ಲಿಕಾಯಿಯಷ್ಟು.

ಸ್ಕ್ಯಾನ್ ಎಲ್ಲ ಆಗಿ, ಮೀಟಿಂಗ್ ಮಾಡಿ, ದೊಡ್ಡ ಡಾಕ್ಟ್ರು ನಮ್ಮಿಬ್ಬರನ್ನು ಕೂರಿಸಿ ಹೇಳಿದರು. ರಕ್ತನಾಳಕ್ಕೆ ಸುತ್ತಿಕೊಂಡಿದೆ, ಇನ್ನು ಆಪರೇಷನ್ ಆಗುವುದಿಲ್ಲ. ಮಾತ್ರೆ ಕೊಡುವಾ, ನೋವು ಕಡಿಮೆ ಇರುವ ಹಾಗೆ ನೋಡಿಕೊಳ್ಳುವಾ ಅಂದರು. ಒಳ್ಳೆಯ ಜನ, ಅವಸರ ಮಾಡಲಿಲ್ಲ. ವಾರಿಜ ಒಂದೇ ಕೇಳಿದಳು, "ನಾಲ್ಕು ತಿಂಗಳು ಮೊದಲಾದರೆ?" ಅವರು ಫೈಲ್ ಮುಚ್ಚಿದರು. "ಆಗ ತೆಗೀಬಹುದಿತ್ತು" ಅಂದರು.

ನಾನು ವಾರಿಜನ ಮುಖ ನೋಡಲಿಲ್ಲ. ಅವಳ ಕೈ ಹಿಡಿದು ಒತ್ತಿದೆ. ಅವಳು ಬಿಡಿಸಿಕೊಳ್ಳಲಿಲ್ಲ, ತಿರುಗಿ ಒತ್ತಲೂ ಇಲ್ಲ. ಕ್ಷಮಿಸು ಅಂತ ಹೇಳುವಾ ಅಂದರೆ ನನ್ನ ಬಾಯಲ್ಲಿ ಆ ಶಬ್ದ ಸರಿಯಾಗಿ ಬರುವುದಿಲ್ಲ. ಈಗ ಇಲ್ಲಿ ಬರೆದಿದ್ದೇನೆ, ಓದಲಿ.

ಹೊರಗೆ ಬರುವಾಗ ಒಬ್ಬ ಪಿಜಿ ಹಿಂದಿನಿಂದ ಓಡಿ ಬಂದ. "ಸರ್, ಒಂದು ರಿಕ್ವೆಸ್ಟ್. ಹೊಸ ಬ್ಯಾಚಿನ ಸ್ಟೂಡೆಂಟ್ಸ್ ಇದ್ದಾರೆ. ಕುತ್ತಿಗೆಯ ಗಂಟು ಹೇಗೆ ನೋಡುವುದು ಅಂತ ಕಲಿಸಬೇಕು. ನಿಮ್ಮದನ್ನು ತೋರಿಸಬಹುದಾ? ಇಷ್ಟ ಇಲ್ಲದಿದ್ರೆ ಬೇಡ." ವಾರಿಜ ಬೇಡ ಅನ್ನುವಷ್ಟರಲ್ಲಿ ನಾನು ಹೋಗಿ ಸ್ಟೂಲಿನಲ್ಲಿ ಕೂತಾಗಿತ್ತು.

ಎಂಟು ಮಕ್ಕಳು. ಒಬ್ಬೊಬ್ಬರೇ ಹಿಂದೆ ಬಂದು ನಿಂತು ಒತ್ತಿದರು. ಹೆದರಿ ಹೆದರಿ ಮುಟ್ಟುವವರು, ಕೈ ತಣ್ಣಗಿರುವವರು, ಮುಟ್ಟಿದ ಕೂಡಲೇ ಸಾರಿ ಅನ್ನುವವರು. ಕೊನೆಯವಳು ಒಂದು ಹುಡುಗಿ, ನಿಧಾನಕ್ಕೆ, ಎರಡೂ ಕಡೆಯಿಂದ ಬೆರಳನ್ನು ಇಂಚು ಇಂಚಾಗಿ ಸರಿಸುತ್ತಾ ಬಂದಳು. ಕೈ ಒಳ್ಳೆಯದಿತ್ತು. ಅವಳ ಬೆರಳು ಗಂಟಿನ ಮೇಲೆ ನಿಂತಿತು. ಅದರ ಕೆಳಗೆ ಇನ್ನೊಂದು ಸಣ್ಣದು ಉಂಟು ಅಂತ ಪಿಜಿಗೂ ಸಿಕ್ಕದ್ದನ್ನು ಅವಳು ಹೇಳಿದಳು.

ನಾನು ಅವಳ ನೋಟ್‌ಬುಕ್ ಕೇಳಿ ತಗೊಂಡು ಬರೆದೆ: "ತೊಕ್ಕೊಟ್ಟಿನ ಆರೋಗ್ಯ ಕೇಂದ್ರದಲ್ಲಿ ಸೀಟು ಖಾಲಿ ಉಂಟು. ಬರ್ತೀಯಾ?"

ಅವಳು ಓದಿದಳು. ಪಿಜಿಯ ಮುಖ ನೋಡಿದಳು, ಅವನು ಕೆಳಗೆ ನೋಡಿದ. "ನನಗೆ ರೇಡಿಯಾಲಜಿ ಮಾಡಬೇಕು ಅಂತ ಮನೆಯಲ್ಲಿ..." ಅಂದಳು. ಅವಳ ಒಂದು ಕೈಯ ಬೆರಳು ಇನ್ನೂ ನನ್ನ ಕುತ್ತಿಗೆಯ ಮೇಲೇ ಇತ್ತು.